ಹುಲ್ಲು ಬಿಟ್ಟ ಚಿಂಚಿಲ್ಲಾ: ಒಂದು ದಂತರೋಗದ ಪ್ರಕರಣ ಅಧ್ಯಯನ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಹೊರವಲಯದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬ ಸಾಕಿದ್ದ ಏಳು ವರ್ಷದ ಗಂಡು ಚಿಂಚಿಲ್ಲಾ (ಇಲಿ ಜಾತಿಯ, ದಟ್ಟ ತುಪ್ಪಳದ ಸಣ್ಣ ಪ್ರಾಣಿ) ಒಂದರ ದಂತರೋಗದ ಪ್ರಕರಣವಿದು. ಕುಟುಂಬದವರ ಒಪ್ಪಿಗೆ ಪಡೆದು, ಅವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟು, ಚಿಕಿತ್ಸೆ ನೀಡಿದ ಪಶುವೈದ್ಯನ ನೆಲೆಯಿಂದ ಬರೆಯುತ್ತಿದ್ದೇನೆ. ಪ್ರಕರಣ ಅಪರೂಪದ್ದೇನಲ್ಲ. ಚಿಂಚಿಲ್ಲಾಗಳನ್ನು ನೋಡುವ ಯಾವ ಚಿಕಿತ್ಸಾಲಯಕ್ಕೂ ಇಂಥವು ಬರುತ್ತಲೇ ಇರುತ್ತವೆ. ಆದರೂ ಇದನ್ನು ದಾಖಲಿಸಬೇಕೆನಿಸಿದ್ದಕ್ಕೆ ಕಾರಣವಿದೆ: ಇದು ಅಸಡ್ಡೆಯ ಮನೆಯಲ್ಲಿ ನಡೆದದ್ದಲ್ಲ. ಗೂಡು ಸ್ವಚ್ಛವಾಗಿತ್ತು, ಎಸಿ ವರ್ಷವಿಡೀ ಓಡುತ್ತಿತ್ತು, ಪ್ರಾಣಿಯ ಮೇಲೆ ಎಲ್ಲರಿಗೂ ಅಕ್ಕರೆಯಿತ್ತು. ಇಷ್ಟೆಲ್ಲ ಇದ್ದ ಮನೆಯಲ್ಲಿ ಕಾಯಿಲೆ ಹಲವು ವರ್ಷ ಯಾರ ಕಣ್ಣಿಗೂ ಬೀಳದೆ ಬೆಳೆಯಿತು. ಅದು ಹೇಗೆ ಸಾಧ್ಯವಾಯಿತೆಂಬುದೇ ಈ ಬರಹದ ವಿಷಯ.

ಮನೆಯವರು ಇದನ್ನು ಬೂದ ಎಂದು ಕರೆಯುತ್ತಿದ್ದರು. ನಾಲ್ಕು ತಿಂಗಳ ಮರಿಯಾಗಿದ್ದಾಗ ಸಾಕುಪ್ರಾಣಿಗಳ ಅಂಗಡಿಯೊಂದರಿಂದ ತಂದದ್ದು. ಬೂದು ಬಣ್ಣದ ಸಾಮಾನ್ಯ ತಳಿ. ನಾಲ್ಕು ವರ್ಷಗಳ ನಂತರ ಜೊತೆಗಿರಲಿ ಎಂದು ಇನ್ನೊಂದು ಗಂಡು ಮರಿಯನ್ನು ತಂದು ಪುಟ್ಟ ಎಂದು ಹೆಸರಿಟ್ಟರು. ಎರಡೂ ಹೊಂದಿಕೊಂಡು ಒಂದೇ ಗೂಡಿನಲ್ಲಿ ಒಂದೇ ಬಟ್ಟಲಿನಿಂದ ತಿನ್ನುತ್ತಿದ್ದವು. ಆ ಒಂದೇ ಬಟ್ಟಲಿನ ಮಾತು ಮುಂದೆ ಬರುತ್ತದೆ.

ಪ್ರಾಣಿಯ ಮೂಲ

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಸೀಮೆಯ ದಂಶಕ. ಇದರಲ್ಲಿ ಉದ್ದ ಬಾಲದ್ದು, ಗಿಡ್ಡ ಬಾಲದ್ದು ಎಂದು ಎರಡು ಪ್ರಭೇದಗಳಿದ್ದು, ತುಪ್ಪಳಕ್ಕಾಗಿ ನಡೆದ ಬೇಟೆಯಿಂದ ಎರಡೂ ಕಾಡಿನಲ್ಲಿ ಅಳಿವಿನಂಚಿಗೆ ಬಂದಿವೆ. ಮನೆಗಳಲ್ಲಿ ಸಾಕುವುದು ಉದ್ದ ಬಾಲದ ಪ್ರಭೇದದ ವಂಶವನ್ನು. ಚಿಲಿ ದೇಶದಲ್ಲಿ ಗಣಿ ಎಂಜಿನಿಯರ್ ಆಗಿದ್ದ ಮಥಾಯಸ್ ಚಾಪ್‌ಮನ್ 1923ರಲ್ಲಿ ಹನ್ನೊಂದು ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ತಂದರು. ಅವರ ಉದ್ದೇಶ ತುಪ್ಪಳದ ಸಾಕಣೆಯಾಗಿತ್ತು, ಮಡಿಲಲ್ಲಿ ಕೂರಿಸಿಕೊಂಡು ಮುದ್ದಿಸುವುದಾಗಿರಲಿಲ್ಲ. ಇಂದು ಅಮೆರಿಕದ ಮನೆಗಳಲ್ಲಿರುವ ಬಹುಪಾಲು ಚಿಂಚಿಲ್ಲಾಗಳು ಆ ಗುಂಪಿನ ಸಂತತಿಯೆಂದು ಪರಿಗಣಿಸಲಾಗುತ್ತದೆ.

ಉದ್ದ ಬಾಲದ ಚಿಂಚಿಲ್ಲಾ ಕಾಡಿನಲ್ಲಿ ಉಳಿದಿರುವುದು ಚಿಲಿಯಲ್ಲಿ. ಅಲ್ಲಿನ ಇಯಾಪೆಲ್ ಪಟ್ಟಣದ ಬಳಿ ಇವುಗಳಿಗಾಗಿಯೇ 1983ರಲ್ಲಿ ಸ್ಥಾಪಿಸಿದ ಸಂರಕ್ಷಿತ ಪ್ರದೇಶವೊಂದಿದೆ. ಕಲ್ಲುಬಂಡೆ, ಮುಳ್ಳುಕುರುಚಲು, ಕಡಿಮೆ ಮಳೆಯ ಇಳಿಜಾರು. ತಿನ್ನಲು ಸಿಗುವುದು ಒರಟು ಹುಲ್ಲು, ಎಲೆ, ತೊಗಟೆ. ಹಗಲೆಲ್ಲ ಬಂಡೆಯ ಸಂದಿಯಲ್ಲಿ ಅಡಗಿದ್ದು ಮುಸ್ಸಂಜೆಯಿಂದ ಬೆಳಗಿನವರೆಗೆ ಓಡಾಡುವ ಈ ಪ್ರಾಣಿಯ ದೇಹ ಆ ಶುಷ್ಕ ತಂಪು ನೆಲಕ್ಕೂ ಆ ಬಡ ಮೇವಿಗೂ ಹೊಂದಿಕೊಂಡಿದೆ. ಒಂದೊಂದು ರೋಮಕೂಪದಿಂದ ಐವತ್ತಕ್ಕೂ ಹೆಚ್ಚು ಕೂದಲು ಹೊರಡುವುದರಿಂದ ಚಳಿ ಇದನ್ನು ಬಾಧಿಸುವುದಿಲ್ಲ, ಆದರೆ ಸೆಕೆ ಕೊಲ್ಲುತ್ತದೆ. ಬಾಯಲ್ಲಿರುವ ಇಪ್ಪತ್ತು ಹಲ್ಲುಗಳೂ, ಅಂದರೆ ಮುಂದಿನ ನಾಲ್ಕು ಬಾಚಿಹಲ್ಲುಗಳು ಮಾತ್ರವಲ್ಲದೆ ಹಿಂದಿನ ಹದಿನಾರು ದವಡೆಹಲ್ಲುಗಳೂ, ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಇಲಿ ಜಾತಿಯ ಪ್ರಾಣಿಗಳ ಮುಂದಿನ ಹಲ್ಲು ಬೆಳೆಯುವುದು ಬಹಳ ಜನರಿಗೆ ತಿಳಿದಿದೆ. ಚಿಂಚಿಲ್ಲಾದ ಹಿಂದಿನ ಹಲ್ಲುಗಳೂ ಬೆಳೆಯುತ್ತವೆಂಬುದು ತಿಳಿದಿರುವ ಸಾಕಣೆದಾರರು ನನಗೆ ಸಿಕ್ಕಿರುವುದು ಕಡಿಮೆ.

ಮನೆಯಲ್ಲಿ ನಡೆದು ಬಂದದ್ದು

ಸೆಕೆಯ ವಿಷಯದಲ್ಲಿ ಈ ಕುಟುಂಬ ಎಚ್ಚರ ತಪ್ಪಿದ್ದಿಲ್ಲ. ಬೇಸಿಗೆಯಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಟುವ ಊರಿನಲ್ಲಿ, ಗೂಡು ಇದ್ದ ಕೋಣೆಯ ಉಷ್ಣಾಂಶವನ್ನು 20ರ ಆಸುಪಾಸಿನಲ್ಲಿ ಇಟ್ಟಿದ್ದರು. 25 ಡಿಗ್ರಿ ಮೀರಿದರೆ ಈ ಪ್ರಾಣಿಗೆ ಅಪಾಯ ಶುರುವಾಗುತ್ತದೆ, ತೇವಾಂಶ ಹೆಚ್ಚಿದ್ದರೆ ಅದಕ್ಕೂ ಮೊದಲೇ. ಅಡುಗೆಮನೆ ಕಟ್ಟೆಗೆ ಹಾಸಿ ಉಳಿದ ಗ್ರಾನೈಟ್ ಚೂರೊಂದನ್ನು ಗೂಡಿನ ಕೆಳ ಅಂತಸ್ತಿನಲ್ಲಿ ಇಟ್ಟಿದ್ದರು. ಎರಡೂ ಪ್ರಾಣಿಗಳು ಹಗಲು ಅದರ ಮೇಲೆ ಹೊಟ್ಟೆಯೂರಿ ಮಲಗುತ್ತಿದ್ದವು. ಒಂದು ಆಗಸ್ಟ್ ಮಧ್ಯಾಹ್ನ ಕರೆಂಟು ಹೋದಾಗ ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು, ಕರೆಂಟು ಬರುವವರೆಗೂ ಕಾರಿನ ಎಸಿ ಹಾಕಿಕೊಂಡು ಊರು ಸುತ್ತಿದರಂತೆ. ಇಂಥ ಜನ ಮೇವಿನ ವಿಷಯದಲ್ಲಿ ಎಡವಿದ್ದು, ಮೇವಿನ ಪೊಟ್ಟಣದ ಮೇಲೆ ಬರೆದದ್ದನ್ನು ನಂಬಿದ್ದರಿಂದ.

ಮೊದಲ ನಾಲ್ಕು ವರ್ಷ ಬೂದ ತಿಂದದ್ದು ಅಂಗಡಿಯವರೇ ಕೊಟ್ಟ ಮಿಶ್ರಣವನ್ನು: ಪೆಲೆಟ್ (ಮೇವಿನ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ) ಜೊತೆಗೆ ಮುಸುಕಿನ ಜೋಳ, ಸೂರ್ಯಕಾಂತಿ ಬೀಜ, ಬಣ್ಣ ಬಣ್ಣದ ಒಣಹಣ್ಣಿನ ಚೂರು. ಇಂಥ ಮಿಶ್ರಣದಿಂದ ಪ್ರಾಣಿ ರುಚಿಯಾದದ್ದನ್ನು ಆರಿಸಿ ತಿಂದು ಉಳಿದದ್ದನ್ನು ಚೆಲ್ಲುತ್ತದೆ. ಅದು ಒಳ್ಳೆಯದಲ್ಲವೆಂದು ಎಲ್ಲೋ ಓದಿದ ಮೇಲೆ ಬರೀ ಪೆಲೆಟ್‌ಗೆ ಬದಲಾಯಿಸಿದರು. ಅದು ಸರಿಯಾದ ಹೆಜ್ಜೆಯೇ. ಆದರೆ ಬಟ್ಟಲು ಬರಿದಾಗದಂತೆ ದಿನಕ್ಕೆರಡು ಸಲ ತುಂಬುವುದನ್ನು ನಿಲ್ಲಿಸಲಿಲ್ಲ. ಒಂದು ಚಿಂಚಿಲ್ಲಾಗೆ ದಿನಕ್ಕೆ ಒಂದೆರಡು ಚಮಚ ಪೆಲೆಟ್ ಸಾಕು, ಉಳಿದ ಹೊಟ್ಟೆ ತುಂಬಬೇಕಾದದ್ದು ಒಣಹುಲ್ಲಿನಿಂದ. ಗೂಡಿನ ಪಕ್ಕಕ್ಕೆ ಟಿಮೊತಿ ಎಂಬ ಮೇವಿನ ಒಣಹುಲ್ಲಿನ ಜಾಲರಿಯೊಂದು ಇತ್ತು, ನಿಜ. ವಾರಕ್ಕೊಮ್ಮೆ ಅದರಲ್ಲಿದ್ದ ಹುಲ್ಲನ್ನು ತೆಗೆದು ಹೊಸದು ಹಾಕುತ್ತಿದ್ದರು. ಹಳೆಯದು ಎಷ್ಟು ಖರ್ಚಾಗಿರುತ್ತಿತ್ತು ಎಂದು ಕೇಳಿದಾಗ ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡರು.

ಇದರ ಜೊತೆಗೆ ಪ್ರಸಾದ. ಮನೆಯ ಯಜಮಾನರ ತಾಯಿ ಮೈಸೂರಿನಿಂದ ಬಂದಾಗಲೆಲ್ಲ ತಿಂಗಳುಗಟ್ಟಲೆ ಇರುತ್ತಿದ್ದರು. ಬೆಳಗಿನ ಪೂಜೆಯ ನೈವೇದ್ಯದಲ್ಲಿ ಎರಡು ಒಣದ್ರಾಕ್ಷಿ, ನಾಲ್ಕು ಕಾಳು ಹುರಿಗಡಲೆ ಬೂದನ ಪಾಲಾಗುತ್ತಿತ್ತು. ಸಕ್ಕರೆಯ ಅಂಶ, ಕೊಬ್ಬು, ಪಿಷ್ಟ ಇವು ಚಿಂಚಿಲ್ಲಾದ ಕರುಳಿಗೆ ಒಗ್ಗುವುದಿಲ್ಲವಾದ್ದರಿಂದ ಇದನ್ನು ನಿಲ್ಲಿಸಲು ಹೇಳಿದ್ದು ನಿಜ. ಆದರೂ ಕಾಯಿಲೆಗೆ ಅಜ್ಜಿಯ ದ್ರಾಕ್ಷಿಯೇ ಕಾರಣವೆಂದು ಮನೆಯವರು ಆಮೇಲೆ ಮಾತಾಡಿಕೊಂಡದ್ದನ್ನು ನಾನು ಒಪ್ಪುವುದಿಲ್ಲ. ವರ್ಷದಲ್ಲಿ ಕೆಲವು ತಿಂಗಳ ಎರಡು ದ್ರಾಕ್ಷಿಗಿಂತ, ಏಳು ವರ್ಷ ತುಂಬಿಯೇ ಇದ್ದ ಪೆಲೆಟ್ ಬಟ್ಟಲು ಎಷ್ಟೋ ಪಾಲು ದೊಡ್ಡ ಕಾರಣ. ಅಲ್ಲದೆ, ಕಾಯಿಲೆಯನ್ನು ಮೊದಲು ಹಿಡಿದವರು ಆ ಅಜ್ಜಿಯೇ.

ಲಕ್ಷಣ ಕಾಣಿಸಿಕೊಂಡ ಬಗೆ

ಚಳಿಗಾಲದಲ್ಲಿ ಬೂದನ ಬಲಗಣ್ಣಿನ ಕೆಳಗಿನ ತುಪ್ಪಳ ಒದ್ದೆಯಾಗಿರುವುದು ಕಂಡಿತು. ಕಣ್ಣು ಕೆಂಪಾಗಿರಲಿಲ್ಲ, ಕೀವೂ ಇರಲಿಲ್ಲ. ಚಿಂಚಿಲ್ಲಾಗಳಿಗೆ ನೀರಿನ ಸ್ನಾನ ಆಗದು. ದಟ್ಟ ತುಪ್ಪಳ ಒಣಗದೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಬದಲಾಗಿ ಜ್ವಾಲಾಮುಖಿಯ ಬೂದಿಯಂಥ ನುಣುಪಾದ ಪುಡಿಯನ್ನು ಬೋಗುಣಿಯಲ್ಲಿ ಇಟ್ಟರೆ ಅದರಲ್ಲಿ ಹೊರಳಾಡಿ ಮೈಯ ಜಿಡ್ಡನ್ನೂ ತೇವವನ್ನೂ ಕಳೆದುಕೊಳ್ಳುತ್ತವೆ. ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಸಾಕಾಗುವ ಈ ದೂಳುಸ್ನಾನದ ಬೋಗುಣಿಯನ್ನು ಇಡೀ ದಿನ ಗೂಡಿನಲ್ಲೇ ಬಿಟ್ಟರೆ ಕಣ್ಣು ಉರಿಯುವುದುಂಟು. ಆದ್ದರಿಂದ ದೂಳೇ ಕಾರಣವೆಂದು ಮನೆಯವರು ಊಹಿಸಿ ಸ್ನಾನವನ್ನು ಕಡಿಮೆ ಮಾಡಿದ್ದು ಅಸಹಜವಲ್ಲ. ನಾಯಿ ಬೆಕ್ಕುಗಳನ್ನೇ ಹೆಚ್ಚಾಗಿ ನೋಡುವ ಒಂದು ಚಿಕಿತ್ಸಾಲಯದಲ್ಲಿ ಕಣ್ಣಿಗೆ ಬಿಡಲು ಔಷಧ ಕೊಟ್ಟರು. ಒದ್ದೆ ಕೆಲವು ದಿನ ಕಡಿಮೆಯಾದಂತೆ ಕಂಡು ಮತ್ತೆ ಬಂತು. ಬಾಯಿ ತೆಗೆದು ಯಾರೂ ನೋಡಲಿಲ್ಲ, ತೂಕವನ್ನೂ ಯಾರೂ ಬರೆದಿಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಚಿಂಚಿಲ್ಲಾದ ಒಂದೇ ಕಣ್ಣಿನಿಂದ ನೀರು ಸೋರುತ್ತಿದ್ದು ಕಣ್ಣಿನಲ್ಲಿ ಬೇರೆ ತೊಂದರೆ ಕಾಣದಿದ್ದರೆ, ನಾನು ಮೊದಲು ಅನುಮಾನಿಸುವುದು ಅದೇ ಬದಿಯ ಮೇಲ್ದವಡೆಯ ಹಲ್ಲಿನ ಬುಡವನ್ನು. ಕಣ್ಣೀರು ಮೂಗಿಗೆ ಇಳಿಯುವ ನಾಳ ಆ ಬುಡಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಬುಡ ಉದ್ದವಾಗಿ ನಾಳವನ್ನು ಒತ್ತಿದರೆ ನೀರು ಇಳಿಯಲಾರದೆ ಹೊರಗೆ ಸೋರುತ್ತದೆ.

ವಸಂತದಲ್ಲಿ ಅಜ್ಜಿ ಬಂದರು. ಮೈಸೂರಿನ ಹಗಲು ಟೆಕ್ಸಾಸಿನ ರಾತ್ರಿಯಾದ್ದರಿಂದ ಮೊದಲ ವಾರ ಅವರಿಗೆ ನಿದ್ದೆ ಹತ್ತಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಹಾಲ್‌ನಲ್ಲಿ ಗೂಡಿನ ಎದುರು ಕೂರುತ್ತಿದ್ದರು. ಚಿಂಚಿಲ್ಲಾ ನಿಜವಾಗಿ ಬದುಕುವುದು ಆ ಹೊತ್ತಿನಲ್ಲಿ. ಹಗಲು ಕೆಲಸಕ್ಕೆ ಹೋಗಿ ರಾತ್ರಿ ಮಲಗುವ ಮನೆಯವರು ನೋಡಿದ್ದು ಸಂಜೆಯ ಅರ್ಧ ಗಂಟೆಯ ಕುಣಿದಾಟವನ್ನಷ್ಟೇ. ಒಂದು ಬೆಳಿಗ್ಗೆ ಅವರು ಮಗನಿಗೆ ಹೇಳಿದ್ದನ್ನು ಸೊಸೆ ನನಗೆ ಹಾಗೆಯೇ ಒಪ್ಪಿಸಿದರು: "ಇದು ತಿನ್ನಕ್ಕೆ ಹೋಗತ್ತೆ ಕಣೋ, ಕೈಲಿ ಹಿಡ್ಕೊಳ್ಳತ್ತೆ, ಬಾಯಿಗೆ ಇಟ್ಟು ಹಾಗೇ ಬೀಳಿಸಿಬಿಡತ್ತೆ. ಹಸಿವಿಲ್ಲ ಅಂತಲ್ಲ. ಹಲ್ಲು ನೋಯ್ತಿರಬೇಕು ನೋಡು." ಅದೇ ವಾರ ನನ್ನ ಬಳಿ ತಂದರು.

ಒಂದೇ ಬಟ್ಟಲಿನ ಮಾತು ಇಲ್ಲಿಗೆ ಸೇರುತ್ತದೆ. ಎರಡು ಪ್ರಾಣಿಗಳು ಒಟ್ಟಿಗೆ ತಿನ್ನುವಾಗ ಬಟ್ಟಲು ಖಾಲಿಯಾಗುತ್ತಲೇ ಇರುತ್ತದೆ, ಗೂಡಿನ ತಳದಲ್ಲಿ ಹಿಕ್ಕೆಯೂ ಬೀಳುತ್ತಲೇ ಇರುತ್ತದೆ. ತಿಂದದ್ದು ಯಾವುದು, ಬಿಟ್ಟದ್ದು ಯಾವುದು ಎಂಬುದು ಅದರಿಂದ ತಿಳಿಯುವುದಿಲ್ಲ. ಬೂದ ಬಿಟ್ಟದ್ದನ್ನೆಲ್ಲ ಪುಟ್ಟ ತಿಂದು ಮುಗಿಸುತ್ತಿತ್ತು. ಬೇಟೆಯಾಗುವ ಪ್ರಾಣಿ ತನ್ನ ನಿತ್ರಾಣವನ್ನು ಹೊರಗೆ ತೋರಿಸದು, ದಟ್ಟ ತುಪ್ಪಳ ಮೈ ಇಳಿದದ್ದನ್ನು ಕಣ್ಣಿಗೆ ಕಾಣಗೊಡದು. ಇವೆರಡರ ಜೊತೆಗೆ ಬಟ್ಟಲೂ ಸೇರಿದಾಗ ಗ್ರಾಂ ಲೆಕ್ಕದ ತಕ್ಕಡಿಯೊಂದನ್ನು ಬಿಟ್ಟರೆ ಸುಳಿವು ಕೊಡುವ ವಸ್ತು ಮನೆಯಲ್ಲಿ ಬೇರೆ ಇರಲಿಲ್ಲ. ತಕ್ಕಡಿಯೂ ಇತ್ತು, ಅದು ಅಡುಗೆಮನೆಯಲ್ಲಿತ್ತು.

ತಪಾಸಣೆ

ಎರಡು ವರ್ಷ ಹಿಂದಿನ ಒಂದು ಚೀಟಿಯಲ್ಲಿ ಬೂದನ ತೂಕ 568 ಗ್ರಾಂ ಎಂದಿತ್ತು. ಈಗ 446 ಗ್ರಾಂ. ದೇಹದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕರಗಿತ್ತು. ಬೆನ್ನಮೇಲೆ ಬೆರಳಾಡಿಸಿದರೆ ಎಲುಬಿನ ಗಂಟುಗಳು ಒಂದೊಂದಾಗಿ ಸಿಗುತ್ತಿದ್ದವು. ಗಲ್ಲದ ಕೆಳಗೂ ಎದೆಯ ಮೇಲೂ ತುಪ್ಪಳ ಜೊಲ್ಲಿನಿಂದ ಅಂಟಿಕೊಂಡಿತ್ತು, ಮುಂಗಾಲುಗಳಿಂದ ಬಾಯನ್ನು ಒರೆಸಿ ಒರೆಸಿ ಅಲ್ಲಿನ ಕೂದಲೂ ಗಂಟುಗಟ್ಟಿತ್ತು. ಹಿಕ್ಕೆಗಳು ಸಣ್ಣವಾಗಿ, ಒಂದರ ಗಾತ್ರ ಇನ್ನೊಂದಕ್ಕಿಲ್ಲದಂತೆ ಇದ್ದವು. ಬಾಚಿಹಲ್ಲುಗಳು ಮಾತ್ರ ಸರಿಯಾಗಿ ಕೂಡುತ್ತಿದ್ದು, ಆರೋಗ್ಯವಂತ ಚಿಂಚಿಲ್ಲಾದಲ್ಲಿ ಇರಬೇಕಾದ ಕಿತ್ತಳೆ ಬಣ್ಣದಲ್ಲೇ ಇದ್ದವು. ಮುಂದಿನ ಹಲ್ಲು ಚೆನ್ನಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರಿಗೆ ಈ ಪ್ರಕರಣ ಒಂದು ಉತ್ತರ.

ಕೆಳದವಡೆಯ ಕೆಳ ಅಂಚಿನಲ್ಲಿ ಬೆರಳನ್ನು ಹಿಂದಿನಿಂದ ಮುಂದಕ್ಕೆ ಎಳೆದಾಗ ನಯವಾಗಿರಬೇಕಾದ ಮೂಳೆ ಎರಡೂ ಬದಿಯಲ್ಲಿ ಉಬ್ಬು ಉಬ್ಬಾಗಿ ಸಿಕ್ಕಿತು. ಇದು ಯಾವ ಉಪಕರಣವೂ ಬೇಡದ, ಮನೆಯಲ್ಲೂ ತಿಂಗಳಿಗೊಮ್ಮೆ ಮಾಡಬಹುದಾದ ಪರೀಕ್ಷೆ. ಹಿಡಿಯುವಾಗ ಮಾತ್ರ ತುಪ್ಪಳವನ್ನು ಬಿಗಿಹಿಡಿಯಬಾರದು. ಹೆದರಿದ ಚಿಂಚಿಲ್ಲಾ ಹಿಡಿದಲ್ಲಿಯ ಕೂದಲನ್ನು ಗೊಂಚಲಾಗಿ ಕೈಯಲ್ಲೇ ಬಿಟ್ಟು ಜಾರಿಕೊಳ್ಳುತ್ತದೆ. ಎದೆಯ ಕೆಳಗೆ ಒಂದು ಅಂಗೈ, ಹಿಂಭಾಗದ ಕೆಳಗೆ ಇನ್ನೊಂದು ಇದ್ದರೆ ಸಾಕು.

ಎಚ್ಚರವಿರುವ ಚಿಂಚಿಲ್ಲಾದ ಬಾಯಿ ಹೆಚ್ಚು ತೆರೆಯುವುದಿಲ್ಲ. ಕೆನ್ನೆಯ ಒಳಪದರ ಎರಡೂ ಕಡೆಯಿಂದ ಮಡಚಿಕೊಂಡು ಹಿಂದಿನ ಹಲ್ಲುಗಳನ್ನು ಮುಚ್ಚಿಬಿಡುತ್ತದೆ, ಕಿವಿ ನೋಡುವ ಕೊಳವೆ ತೂರಿಸಿದರೂ ಕಾಣುವುದು ಅರ್ಧ. ಆದ್ದರಿಂದ ಅರಿವಳಿಕೆ ಕೊಟ್ಟು ನೋಡುವುದೇ ಸರಿಯೆಂದು ನಿರ್ಧರಿಸಿದೆವು. ಈ ತೂಕದಲ್ಲಿ ಅರಿವಳಿಕೆಯೂ ಸಣ್ಣ ಅಪಾಯವಲ್ಲವೆಂಬುದನ್ನು ಮನೆಯವರಿಗೆ ಮುಚ್ಚಿಡಲಿಲ್ಲ. ನಾಯಿಗೆ ಮಾಡುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಹಾಕುವ ಪದ್ಧತಿ ಇಲ್ಲಿ ಸಲ್ಲದು: ಚಿಂಚಿಲ್ಲಾ ವಾಂತಿ ಮಾಡಲಾರದು, ಮೇಲಾಗಿ ಅದರ ಕರುಳು ಖಾಲಿಯಾಗಿ ನಿಂತರೆ ಮತ್ತೆ ಚಾಲೂ ಆಗುವುದು ಕಷ್ಟ.

ಎಕ್ಸ್‌ರೇಯಲ್ಲಿ ಕಂಡದ್ದು ಹೀಗಿತ್ತು. ದವಡೆಹಲ್ಲುಗಳ ಮೇಲ್ಭಾಗ ಉದ್ದವಾಗಿ ಬೆಳೆದು ಬಾಯಿ ಪೂರ್ತಿ ಮುಚ್ಚದಂತೆ ತಡೆದಿತ್ತು. ಕೆಳದವಡೆಯ ಬುಡಗಳು ಮೂಳೆಯನ್ನು ಕೆಳಕ್ಕೆ ತಳ್ಳಿ ತೆಳುವಾಗಿಸಿದ್ದವು. ನನ್ನ ಬೆರಳಿಗೆ ಸಿಕ್ಕ ಉಬ್ಬುಗಳು ಇವೇ. ಬಲ ಮೇಲ್ದವಡೆಯ ಬುಡಗಳು ಕಣ್ಣಿನ ಗೂಡಿನ ತಳದವರೆಗೆ ಏರಿದ್ದವು. ಬಾಯೊಳಗೆ, ಕೆಳಹಲ್ಲುಗಳ ಒಳ ಅಂಚು ನಾಲಿಗೆಯ ಕಡೆಗೂ ಮೇಲ್ಹಲ್ಲುಗಳ ಹೊರ ಅಂಚು ಕೆನ್ನೆಯ ಕಡೆಗೂ ಮುಳ್ಳಿನಂತೆ ಚಾಚಿದ್ದು, ಬಲಗೆನ್ನೆಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಹುಣ್ಣಾಗಿತ್ತು. ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿ ಪೆಲೆಟ್ ಹಿಟ್ಟು ಹುಳಿತು ಕೂತಿತ್ತು.

ಕಾರಣದ ವಿಚಾರ

ಹುಲ್ಲನ್ನು ಅಗಿಯುವಾಗ ಚಿಂಚಿಲ್ಲಾದ ಕೆಳದವಡೆ ಬೀಸುವ ಕಲ್ಲಿನಂತೆ ಅಡ್ಡಕ್ಕೆ ಆಡುತ್ತದೆ, ಪೆಲೆಟ್ ಜಗಿಯುವಾಗ ಒನಕೆಯಂತೆ ಮೇಲೆ ಕೆಳಗೆ ಕುಟ್ಟುತ್ತದೆ. ಮೊದಲನೆಯದರಲ್ಲಿ ಹಲ್ಲಿನ ಇಡೀ ಮೇಲ್ಮೈ ಸವೆಯುತ್ತದೆ, ಎರಡನೆಯದರಲ್ಲಿ ನಡುಭಾಗಕ್ಕಷ್ಟೇ ಪೆಟ್ಟು ಬಿದ್ದು ಅಂಚುಗಳು ಉಳಿದುಕೊಳ್ಳುತ್ತವೆ. ಸಮಯದ ವ್ಯತ್ಯಾಸವೂ ದೊಡ್ಡದು: ಹೊಟ್ಟೆ ತುಂಬುವಷ್ಟು ಹುಲ್ಲು ತಿನ್ನಲು ರಾತ್ರಿಯ ಹಲವು ಗಂಟೆ ಬೇಕು, ಅಷ್ಟೇ ಶಕ್ತಿ ಕೊಡುವ ಪೆಲೆಟ್ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಹುಲ್ಲಿನಲ್ಲಿರುವ ಸಿಲಿಕಾ ಹಲ್ಲನ್ನು ತೇಯುವ ಕೆಲಸವನ್ನೂ ಮಾಡುತ್ತದೆ. ಸವೆತ ಕಡಿಮೆಯಾಗಿ ಬೆಳವಣಿಗೆ ಹಾಗೆಯೇ ಮುಂದುವರಿದಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಆಮೇಲೆ ಬೆಳೆಯಲು ಉಳಿಯುವುದು ಹಿಂದಿನ ದಿಕ್ಕು ಮಾತ್ರ, ಅಂದರೆ ಬುಡ ಮೂಳೆಯೊಳಕ್ಕೆ ಇಳಿಯುತ್ತದೆ. ಬಾಯೊಳಗೆ ಮುಳ್ಳು ಕಾಣಿಸಿಕೊಳ್ಳುವ ಹೊತ್ತಿಗೆ ಮೂಳೆಯೊಳಗಿನ ಹಾನಿ ಬಹಳ ಹಿಂದೆಯೇ ಆಗಿರುತ್ತದೆ.

ಬ್ರಿಟನ್ನಿನ ಪಶು ದಂತವೈದ್ಯ ಡೇವಿಡ್ ಕ್ರಾಸ್ಲಿ ಅವರು ಸಹಲೇಖಕರೊಂದಿಗೆ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಾಡಿನಿಂದ ಸಿಕ್ಕ ಚಿಂಚಿಲ್ಲಾಗಳ ತಲೆಬುರುಡೆಯನ್ನೂ ಸಾಕಿ ಬೆಳೆಸಿದವುಗಳ ತಲೆಬುರುಡೆಯನ್ನೂ ಹೋಲಿಸಿ, ಸಾಕಿದವುಗಳ ದವಡೆಹಲ್ಲು ಹೆಚ್ಚು ಉದ್ದವೆಂದು ತೋರಿಸಿತು. ಮೇವೊಂದೇ ಕಾರಣವೆಂದು ಇದರಿಂದ ತೀರ್ಮಾನಿಸಲಾಗದು. ಕೆಲವು ವಂಶಗಳಲ್ಲಿ ಈ ದೋಷ ಹುಟ್ಟಿನಿಂದಲೇ ಬರುತ್ತದೆ, ಹುಲ್ಲು ತಿಂದೇ ಬೆಳೆದ ಪ್ರಾಣಿಗಳಲ್ಲೂ ನಾನು ಈ ಕಾಯಿಲೆಯನ್ನು ಕಂಡಿದ್ದೇನೆ. ತುಪ್ಪಳದ ಬಣ್ಣ ನೋಡಿ ತಳಿ ಆರಿಸುವವರು ಹಲ್ಲನ್ನು ನೋಡಿದ್ದು ಕಡಿಮೆ. ಬೂದನ ವಿಷಯದಲ್ಲಿ ವಂಶದ ಪಾಲೆಷ್ಟು, ಬಟ್ಟಲಿನ ಪಾಲೆಷ್ಟು ಎಂದು ವಿಂಗಡಿಸಲು ದಾರಿಯಿಲ್ಲ. ಆದರೆ ಇವೆರಡರಲ್ಲಿ ಸಾಕುವವರ ಕೈಯಲ್ಲಿರುವುದು ಬಟ್ಟಲು ಮಾತ್ರ.

ಚಿಕಿತ್ಸೆ ಮತ್ತು ಮನೆಯ ಆರೈಕೆ

ಅದೇ ಅರಿವಳಿಕೆಯಲ್ಲಿ ಮುಳ್ಳುಗಳನ್ನು ಸಣ್ಣ ಬರ್‌ನಿಂದ, ಅಂದರೆ ತಿರುಗುವ ಅರದಂಥ ಉಪಕರಣದಿಂದ, ತೇಯ್ದು, ಹಲ್ಲುಗಳ ಎತ್ತರವನ್ನು ಸಾಧ್ಯವಾದಷ್ಟು ತಗ್ಗಿಸಿ, ಸಂದಿಯನ್ನು ಸ್ವಚ್ಛಗೊಳಿಸಿದೆವು. ಮೂಳೆಯೊಳಕ್ಕೆ ಇಳಿದ ಬುಡವನ್ನು ಹಿಂದಕ್ಕೆ ತರುವ ಚಿಕಿತ್ಸೆ ಇಲ್ಲ. ಇದನ್ನು ಮೊದಲ ದಿನವೇ ಹೇಳಿದ್ದೆ: ಕಾಯಿಲೆ ವಾಸಿಯಾಗುವುದಿಲ್ಲ, ನೋವಿಲ್ಲದೆ ತಿನ್ನುವ ತಿಂಗಳುಗಳನ್ನು ಹೆಚ್ಚಿಸಲು ಪ್ರಯತ್ನಿಸಬಹುದು. ನೋವಿಗೆ ಮೆಲಾಕ್ಸಿಕಾಮ್ ಬರೆದುಕೊಟ್ಟೆ.

ನಿಜವಾದ ಕೆಲಸ ಮನೆಯಲ್ಲಿ. ಹುಲ್ಲಿನ ಪುಡಿಯಿಂದ ತಯಾರಿಸಿದ ಶುಶ್ರೂಷೆಯ ಆಹಾರವನ್ನು ನೀರಿನಲ್ಲಿ ಗಂಜಿಯಂತೆ ಕಲಸಿ, ದಿನಕ್ಕೆ ನಾಲ್ಕೈದು ಸಲ ಸಿರಿಂಜ್‌ನಿಂದ ಕೊಡಬೇಕು. ಪ್ರಾಣಿಯನ್ನು ಅಂಗಾತ ಮಲಗಿಸಬಾರದು. ಟವೆಲಿನಲ್ಲಿ ಸಡಿಲವಾಗಿ ಸುತ್ತಿ ಮೇಜಿನ ಮೇಲೆ ಕೂರಿಸಿ, ಸಿರಿಂಜ್‌ನ ತುದಿಯನ್ನು ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ ಪಕ್ಕದಿಂದ ತೂರಿಸಿ, ಒಂದೊಂದು ಗುಟುಕು ನುಂಗುವವರೆಗೂ ಕಾಯಬೇಕು. ಅವಸರದಲ್ಲಿ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಈ ಕೆಲಸ ಬಹುಪಾಲು ಅಜ್ಜಿಯ ಪಾಲಿಗೆ ಬಂತು, ಏಕೆಂದರೆ ಹಗಲು ಮನೆಯಲ್ಲಿರುತ್ತಿದ್ದವರು ಅವರೊಬ್ಬರೇ. ಮಕ್ಕಳಿಗೆ ಒಳ್ಳೆಯಲ್ಲಿ ಹಾಲು ಕುಡಿಸಿ ಅಭ್ಯಾಸವಿದ್ದ ಕೈಗೆ ಇದನ್ನು ಕಲಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಎರಡನೆಯ ದಿನ ಮನೆಯ ಯಜಮಾನರು ಫೋನು ಮಾಡಿ, ಊರಿನಿಂದ ತಂದ ಮಾತ್ರೆ ಡಬ್ಬಿಯಲ್ಲಿ ಅಮಾಕ್ಸಿಸಿಲಿನ್ ಇದೆ, ಕೆನ್ನೆಯ ಹುಣ್ಣಿಗೆ ಅದರ ಚೂರೊಂದನ್ನು ಅರೆದು ಹಾಕಬಹುದೇ ಎಂದು ಕೇಳಿದರು. ಕೇಳಿದ್ದು ಒಳ್ಳೆಯದಾಯಿತು. ಪರದೇಶದಲ್ಲಿರುವ ನಮ್ಮವರ ಮನೆಗಳಲ್ಲಿ ಇಂಥ ಡಬ್ಬಿ ಇಲ್ಲದ ಮನೆ ಅಪರೂಪವಾದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ಗುಂಪಿನ ಔಷಧಗಳು, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಇವುಗಳನ್ನು ಚಿಂಚಿಲ್ಲಾಗೆ ಬಾಯಿಯ ಮೂಲಕ ಕೊಡಬಾರದು. ಮೇವನ್ನು ಹುದುಗಿಸುವ ಒಳ್ಳೆಯ ಸೂಕ್ಷ್ಮಾಣುಗಳನ್ನು ಇವು ಕೊಂದುಬಿಡುತ್ತವೆ. ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಕೆಟ್ಟ ಸೂಕ್ಷ್ಮಾಣುಗಳು ಹಬ್ಬಿ ವಿಷ ಉತ್ಪಾದಿಸಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಮಗುವಿಗೆ ನಿರಪಾಯವಾದ ಮಾತ್ರೆ ಇದಕ್ಕೆ ವಿಷ. ಸೋಂಕಿಗೆ ಔಷಧ ಬೇಕೆನಿಸಿದರೆ ಬೇರೆ ಗುಂಪಿನವು ಇವೆ, ಅವನ್ನು ವೈದ್ಯರು ಆರಿಸಬೇಕು.

ಬೂದನಿಗೂ ಪುಟ್ಟನಿಗೂ ನಡುವೆ ತಂತಿಯ ತಡೆ ಹಾಕಿಸಿದೆ, ಬಟ್ಟಲುಗಳು ಬೇರೆಯಾದವು. ಜೊತೆಗಾರನನ್ನು ಬೇರೆ ಕೋಣೆಗೆ ಒಯ್ದರೆ ಒಂಟಿತನದಿಂದಲೇ ತಿನ್ನುವುದನ್ನು ಬಿಡುವ ಪ್ರಾಣಿಗಳುಂಟು, ಆದ್ದರಿಂದ ಒಂದನ್ನೊಂದು ನೋಡುವಂತೆ, ಮೂಸುವಂತೆ ಇರಿಸಿದೆವು. ಅಡುಗೆಮನೆಯ ತಕ್ಕಡಿ ಗೂಡಿನ ಪಕ್ಕಕ್ಕೆ ಬಂತು. ಪ್ರತಿ ಸಂಜೆ ಒಂದೇ ಹೊತ್ತಿಗೆ ತೂಗಿ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆಯುವುದು ಮೊಮ್ಮಗಳ ಕೆಲಸವಾಯಿತು.

ತೂಕ ಮೊದಲ ದಿನಗಳಲ್ಲಿ 438ಕ್ಕೆ ಇಳಿದು, ಮೂರನೆಯ ವಾರದ ಕೊನೆಗೆ 471ಕ್ಕೆ ಏರಿತು. ಜೊಲ್ಲು ನಿಂತಿತು, ಎದೆಯ ತುಪ್ಪಳ ಒಣಗಿತು, ನೆನೆಸಿದ ಪೆಲೆಟ್ಟನ್ನೂ ಮೃದುವಾದ ಹುಲ್ಲಿನ ಎಲೆಗಳನ್ನೂ ತಾನಾಗಿಯೇ ತಿನ್ನತೊಡಗಿತು. ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ. ಎರಡನೆಯ ತಿಂಗಳು ತೂಕ ಮತ್ತೆ ಇಳಿಯುವುದನ್ನು ಕ್ಯಾಲೆಂಡರ್ ತೋರಿಸಿದಾಗ, ಜೊಲ್ಲು ಬರುವ ಮೊದಲೇ ಎರಡನೆಯ ಸಲ ಹಲ್ಲು ತೇಯ್ದೆವು. ಈ ಸಲ ಏರಿಕೆ 466ರಲ್ಲಿ ನಿಂತಿತು. ಮೂರನೆಯ ಸಲದ ಅಂತರ ಇನ್ನೂ ಕಡಿಮೆಯಾಯಿತು, ಚೇತರಿಕೆಯೂ ಕಡಿಮೆಯಾಯಿತು.

ತೀರ್ಮಾನ

ಈ ನಡುವೆ ಕುಟುಂಬಕ್ಕೆ ಇನ್ನೊಂದು ಚಿಂತೆಯಿತ್ತು. ಮುಂದಿನ ವರ್ಷ ಮೈಸೂರಿಗೆ ವಾಪಸಾಗುವ ಯೋಚನೆಯಲ್ಲಿದ್ದ ಅವರು ಎರಡನ್ನೂ ಕರೆದೊಯ್ಯಬಹುದೇ ಎಂದು ವಿಚಾರಿಸಿದರು. ನನ್ನ ಸಲಹೆ ಬೇಡವೆಂಬುದೇ ಆಗಿತ್ತು. ನಾಯಿ ಬೆಕ್ಕುಗಳನ್ನು ಒಯ್ಯುವಷ್ಟು ಸಲೀಸಾಗಿ ಇವುಗಳನ್ನು ಒಯ್ಯಲಾಗದು, ಪರದೇಶದ ಪ್ರಾಣಿಗಳ ಆಮದಿಗೆ ಭಾರತದಲ್ಲಿ ಪರವಾನಗಿ, ನೋಂದಣಿಗಳ ಕಟ್ಟುಪಾಡು ಇದೆ. ಕಾಗದಪತ್ರ ಸರಿಹೋದರೂ ಹವೆಯದು ಸರಿಹೋಗದು: ಏಪ್ರಿಲ್‌ನ ಮೈಸೂರಿನಲ್ಲಿ ಹಗಲು 35 ಡಿಗ್ರಿ ಮುಟ್ಟುವುದು ಸಾಮಾನ್ಯ, ಕರೆಂಟು ಹೋಗುವುದೂ ಸಾಮಾನ್ಯ. ಕರಾವಳಿಯ ಊರಾಗಿದ್ದರೆ ತೇವಾಂಶದಿಂದ ಇನ್ನೂ ಕಷ್ಟವಾಗುತ್ತಿತ್ತು. ಹಲ್ಲಿನ ಕಾಯಿಲೆಯಲ್ಲಿ ನುರಿತ, ಈ ಪ್ರಾಣಿಯನ್ನು ಕಂಡ ವೈದ್ಯರು ಹತ್ತಿರದಲ್ಲಿ ಸಿಗುವುದು ಕಷ್ಟವೆಂಬುದು ಮೂರನೆಯ ತೊಡಕು.

ಐದನೆಯ ತಿಂಗಳಿನಲ್ಲಿ ಬೂದನ ಬಲಗಣ್ಣು ಮುಂದಕ್ಕೆ ಉಬ್ಬಿ ಬಂತು. ಎಕ್ಸ್‌ರೇಯಲ್ಲಿ ಬುಡದ ಸುತ್ತಲ ಮೂಳೆ ಕರಗಿ, ಕಣ್ಣಿನ ಹಿಂದೆ ಕೀವುಗಟ್ಟಿದ ಲಕ್ಷಣವಿತ್ತು. ತೂಕ 429. ಕಣ್ಣು ತೆಗೆದು ಹಲ್ಲು ಕೀಳುವ ಶಸ್ತ್ರಚಿಕಿತ್ಸೆಯ ಮಾತೂ ಬಂತು. ಚಿಂಚಿಲ್ಲಾದ ಉದ್ದನೆಯ ಬಾಗಿದ ದವಡೆಹಲ್ಲನ್ನು ಮೂಳೆ ಮುರಿಯದಂತೆ ಕೀಳುವುದು ಆರೋಗ್ಯವಾಗಿದ್ದಾಗಲೇ ಕಷ್ಟ, ಈ ಮೂಳೆಯಲ್ಲಿ ಅದು ನೋವನ್ನು ಹೆಚ್ಚಿಸುವ ಕೆಲಸವಷ್ಟೇ ಎಂದು ನಾನು ಹೇಳಿದೆ. ನಿರ್ಧಾರಕ್ಕೆ ನಾವು ಮೊದಲೇ ಒಂದು ಅಳತೆ ಇಟ್ಟುಕೊಂಡಿದ್ದೆವು: ನೋವಿನ ಔಷಧ ಕೊಟ್ಟ ಮೇಲೂ ತಾನಾಗಿ ಏನನ್ನೂ ತಿನ್ನದೆ ಸಿರಿಂಜ್ ಒಂದರಿಂದಲೇ ಬದುಕುವ ಸ್ಥಿತಿ ಒಂದು ವಾರ ಮೀರಬಾರದು. ಆ ವಾರ ಕಳೆದಿತ್ತು. ದಯಾಮರಣಕ್ಕೆ ಮಗ ಸೊಸೆ ಒಪ್ಪಿದರು. ಜೀವ ತೆಗೆಯುವುದು ನಮ್ಮ ಕೈಯ ಕೆಲಸವಲ್ಲವೆಂದು ಮೊದಲು ಹಿಂಜರಿದ ಅಜ್ಜಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ ಮೇಲೆ, ಇಷ್ಟು ನೋವಿಟ್ಟುಕೊಂಡು ನನ್ನ ಕೈಯಿಂದ ಗಂಜಿ ಕುಡೀತಿತ್ತೇ ಎಂದಷ್ಟೇ ಕೇಳಿ ಸುಮ್ಮನಾದರು. ಅರಿವಳಿಕೆಯ ಅನಿಲದಲ್ಲಿ ಮಲಗಿಸಿ, ಆಮೇಲೆ ಚುಚ್ಚುಮದ್ದು ಕೊಟ್ಟೆವು.

ಪುಟ್ಟನ ಸ್ಥಿತಿ

ಬೂದನ ಎಕ್ಸ್‌ರೇ ನೋಡಿದ ವಾರದಲ್ಲೇ ಪುಟ್ಟನ ತಲೆಯ ಎಕ್ಸ್‌ರೇಯನ್ನೂ ತೆಗೆಸಿದ್ದೆ. ಆಗ ಅದಕ್ಕೆ ಮೂರು ವರ್ಷ, ತೂಕ 602 ಗ್ರಾಂ, ನೋಡಲು ಪೂರ್ಣ ಆರೋಗ್ಯವಂತ. ಆದರೆ ಕೆಳದವಡೆಹಲ್ಲುಗಳ ಮೇಲ್ಭಾಗ ಇರಬೇಕಾದದ್ದಕ್ಕಿಂತ ಸ್ವಲ್ಪ ಉದ್ದವಾಗಿತ್ತು. ಬುಡಗಳು ಮೂಳೆಯನ್ನು ಇನ್ನೂ ಉಬ್ಬಿಸಿರಲಿಲ್ಲ. ಎರಡೂ ಒಂದೇ ವಂಶದವಲ್ಲ, ಒಂದೇ ಬಟ್ಟಲಿನಲ್ಲಿ ತಿಂದವು. ಬಟ್ಟಲಿನ ಪಾಲನ್ನು ಹಗುರವಾಗಿ ತೆಗೆದುಕೊಳ್ಳಲಾಗದೆಂದು ನನಗನಿಸಿದ್ದು ಈ ಎರಡನೆಯ ಎಕ್ಸ್‌ರೇಯಿಂದ.

ಪೆಲೆಟ್ಟನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ವಾರವಾರವೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ರಾತ್ರಿಗೆ ಒಂದು ಚಮಚಕ್ಕೆ ತಂದೆವು. ಹುಲ್ಲಿನಲ್ಲಿ ಟಿಮೊತಿಯ ಜೊತೆಗೆ ಆರ್ಚರ್ಡ್ ಹುಲ್ಲನ್ನೂ ಬೆರೆಸಿದೆವು. ವಾರಕ್ಕೊಮ್ಮೆ ತುಂಬುವ ಬದಲು ಪ್ರತಿ ಸಂಜೆ ತಾಜಾ ಹುಲ್ಲು ಹಾಕಿ, ಬೆಳಿಗ್ಗೆ ಉಳಿದದ್ದನ್ನು ತೂಗಿ ನೋಡುವಂತೆ ಹೇಳಿದೆ. ಸುವಾಸನೆ ಹೋದ, ಧೂಳು ಹಿಡಿದ ಹುಲ್ಲನ್ನು ಚಿಂಚಿಲ್ಲಾ ಮುಟ್ಟುವುದಿಲ್ಲ. ಮೊದಲಿನ ಜಾಲರಿ ತುಂಬಿಯೇ ಇರುತ್ತಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು. ಕಡಿಯಲು ಸೇಬಿನ ಮರದ ಕಡ್ಡಿ ಕೊಟ್ಟಿದ್ದಾರೆ, ಆದರೆ ಅದು ಬಾಚಿಹಲ್ಲಿಗೆ ಕೆಲಸ ಕೊಡುತ್ತದೆಯೇ ಹೊರತು ಹಿಂದಿನ ಹಲ್ಲಿಗಲ್ಲ. ಮೊದಲ ತಿಂಗಳಲ್ಲಿ ತೂಕ 588ಕ್ಕೆ ಇಳಿದಾಗ ಮನೆಯವರು ಗಾಬರಿಯಾಗಿ ಫೋನು ಮಾಡಿದ್ದರು. ಅದು ಪೆಲೆಟ್ಟಿನ ಕೊಬ್ಬು ಇಳಿದದ್ದು. ಅಂದಿನಿಂದ 585 ಮತ್ತು 595ರ ನಡುವೆ ನಿಂತಿದೆ, ಹಿಕ್ಕೆ ದಪ್ಪವಾಗಿ ಒಂದೇ ಗಾತ್ರದಲ್ಲಿ ಬೀಳುತ್ತಿದೆ. ಆರು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಹಲ್ಲಿನ ಉದ್ದ ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ.

ಕುಟುಂಬ ಮೈಸೂರಿಗೆ ಹೊರಡುವ ಹೊತ್ತಿಗೆ ಪುಟ್ಟನನ್ನು ಅದೇ ಊರಿನಲ್ಲಿ ಎರಡು ಚಿಂಚಿಲ್ಲಾ ಸಾಕಿರುವ ಪರಿಚಿತರ ಮನೆಗೆ ಕೊಡುವುದೆಂದು ತೀರ್ಮಾನವಾಗಿದೆ. ಪರಿಚಯ ನಿಧಾನವಾಗಿ ಆಗಲೆಂದು ಗೂಡುಗಳನ್ನು ಪಕ್ಕಪಕ್ಕದಲ್ಲಿ ಇಡುವ ಕೆಲಸ ಈಗಲೇ ಶುರುವಾಗಿದೆ. ಪ್ರಾಣಿಯ ಜೊತೆಗೆ ಎರಡು ಎಕ್ಸ್‌ರೇ, ತೂಕ ಬರೆದ ಕ್ಯಾಲೆಂಡರ್ ಮತ್ತು ತಕ್ಕಡಿ ಕೂಡ ಆ ಮನೆಗೆ ಹೋಗಲಿವೆ. ಮುಂದಿನ ಎಕ್ಸ್‌ರೇ ಇನ್ನಾರು ತಿಂಗಳಿಗೆ.